‘ಪೈಕಿ’, ‘ವಾರು’, ‘ತಾಳೆ’: ಲೆಕ್ಕದ ಕನ್ನಡದಲ್ಲೇ ಡೇಟಾಬೇಸ್‌ಗೆ ಪ್ರಶ್ನೆ ಕೇಳೋದು ಹೇಗೆ?

ತುಂಗಾತೀರ (ತೀರ್ಥಹಳ್ಳಿ) · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ಅಡಿಕೆ ಬೆಳೆಗಾರರ ಸೊಸೈಟಿಗೆ ಸಣ್ಣದೊಂದು ಡೇಟಾಬೇಸ್ ಮಾಡಿಕೊಟ್ಟಿದ್ದೇನೆ. ಸದಸ್ಯರು, ಅವರ ಜಮೀನು, ತಂದು ಹಾಕಿದ ಅಡಿಕೆ, ಸಾಲ. ಒಟ್ಟು ನಾಲ್ಕೇ ಟೇಬಲ್. ಮಾಹಿತಿ ತುಂಬಿಸುವ ಕೆಲಸ ಸಲೀಸಾಗಿ ನಡೆಯುತ್ತಿದೆ. ಕಷ್ಟ ಇರೋದು ತುಂಬಿಸಿದ್ದನ್ನು ಹೊರಗೆ ತೆಗೆಯೋದರಲ್ಲಿ.

ಅಲ್ಲಿ ಲೆಕ್ಕ ಬರೆಯುವ ಅಕ್ಕ ಒಬ್ಬರಿದ್ದಾರೆ. ಇಪ್ಪತ್ತು ವರ್ಷದಿಂದ ಲೆಡ್ಜರ್ ಬರೆದ ಕೈ. ಯಾವ ಸದಸ್ಯರ ಬಾಕಿ ಎಷ್ಟು ಅಂತ ಪುಸ್ತಕ ತೆರೆಯದೇ ಹೇಳುತ್ತಾರೆ. ಅಂಥವರು ಈಗ ಒಂದು ಪಟ್ಟಿ ಬೇಕಾದರೂ ನನಗೆ ಫೋನ್ ಮಾಡಬೇಕು, ನಾನು ರಾತ್ರಿ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬರೆದು ಬೆಳಿಗ್ಗೆ ಕಳಿಸಬೇಕು. ಇದು ಸರಿಯಲ್ಲ ಅಂತ ನನಗೆ ತುಂಬಾ ಅನಿಸುತ್ತಿದೆ. ಲೆಕ್ಕ ಅವರದ್ದು, ಬೀಗದ ಕೈ ಮಾತ್ರ ನನ್ನ ಹತ್ತಿರ.

ಹೋದ ವಾರ ವಾಟ್ಸಾಪ್‌ನಲ್ಲಿ ಹೀಗೆ ಕೇಳಿದರು:

“ಈ ಸಲ ರಾಶಿ ಹಾಕಿದವರ ಪೈಕಿ ಸಾಲ ಬಾಕಿ ಇರುವವರು ಎಷ್ಟು ಜನ? ಊರುವಾರು ಕೊಡಿ.”

(‘ರಾಶಿ’ ಅಂದರೆ ಅಡಿಕೆಯ ಒಂದು ಬಗೆ.) ಬರೆಯಲು ಕೂತೆ. ಎಲ್ಲ ಎಸ್‌ಕ್ಯೂಎಲ್‌ನ ಪದಗಳೇ: ಸೆಲೆಕ್ಟ್, ಫ್ರಮ್, ಎರಡು ಜಾಯಿನ್, ವೇರ್, ಗ್ರೂಪ್ ಬೈ. ಒಂಬತ್ತು ಸಾಲಾಯಿತು. ಮುಗಿಸಿ ಅಕ್ಕನ ಮಾತನ್ನು ಮತ್ತೆ ಓದಿದೆ. ನನ್ನ ಒಂಬತ್ತು ಸಾಲಿನಲ್ಲಿ ಇರೋದೆಲ್ಲ ಅದರಲ್ಲಿ ಮೊದಲೇ ಇದೆ! ‘ಪೈಕಿ’ ಅಂದರೆ ಒಂದು ಗುಂಪಿನೊಳಗಿಂದ ಆರಿಸೋದು. ಪಹಣಿ, ಕ್ರಯಪತ್ರದಲ್ಲಿ ‘ಸರ್ವೆ ನಂಬರ್ ಪೈಕಿ’ ಅಂತ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ವಾರು’ ಅಂದರೆ ಗ್ರೂಪ್ ಬೈ, ಗುಂಪು ಗುಂಪಾಗಿ ವಿಂಗಡಿಸೋದು. ತಾಲ್ಲೂಕುವಾರು, ತಿಂಗಳುವಾರು, ಬಾಬ್ತುವಾರು ಅಂತ ಆಫೀಸುಗಳಲ್ಲಿ ದಿನಾ ಬರೆಯುತ್ತಾರೆ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಹೊಂದಿಸೋದಕ್ಕೆ ‘ತಾಳೆ ನೋಡೋದು’ ಅನ್ನುತ್ತೇವೆ. ಅದೇ ಅಲ್ವಾ ಜಾಯಿನ್?

ಇನ್ನೊಂದು ಗಮನಿಸಿ. ಎಸ್‌ಕ್ಯೂಎಲ್‌ನಲ್ಲಿ ಏನು ಬೇಕು ಅಂತ ಮೊದಲು ಹೇಳಬೇಕು, ಎಲ್ಲಿಂದ ಅನ್ನೋದು ಆಮೇಲೆ. ಅಕ್ಕ ಹಾಗೆ ಕೇಳಲಿಲ್ಲ. ಯಾರ ಪೈಕಿ, ಯಾರು, ಎಷ್ಟು, ಕೊನೆಗೆ ‘ಕೊಡಿ’. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರೋದು.

ಈ ಮಾತುಗಳನ್ನೇ ಹಿಡಿದು ಒಂದು ಪುಟ್ಟ ಪ್ರಶ್ನೆ-ಭಾಷೆ ಕಟ್ಟಬೇಕು ಅಂತ ಇದ್ದೇನೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಬರೆಯುವಂಥದ್ದು. ಏನೇನು ಎಡವಟ್ಟು ಬರಬಹುದು? ಗೊತ್ತಿರುವವರು ಹೇಳಿ.

ಲ್ಯಾಬ್ ಮೇಷ್ಟ್ರು (ಸಾಗರ) · ಭಾನುವಾರ ರಾತ್ರಿ 10:35

ಒಳ್ಳೆಯ ವಿಷಯ ಎತ್ತಿದ್ದೀರಿ. ಡಿಪ್ಲೊಮಾ ಮಕ್ಕಳಿಗೆ ನಾನು ಎಸ್‌ಕ್ಯೂಎಲ್ ಕಲಿಸುತ್ತೇನೆ. ಮೊದಲ ಪಾಠದಲ್ಲೇ ಒಂದು ಮಾತು ಹೇಳುತ್ತೇನೆ: ಇದು ಹುಟ್ಟಿದ್ದೇ ನಿಮ್ಮ ಅಕ್ಕನಂಥವರಿಗಾಗಿ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನೆಲ್ಲ ಟೇಬಲ್‌ಗಳಾಗಿ ನೋಡುವ ಮಾದರಿ ಕೊಟ್ಟರು. ಅದರ ಗಣಿತದ ಬರಹ ಸಾಮಾನ್ಯರ ಕೈಗೆ ಸಿಗುವಂತಿರಲಿಲ್ಲ. ಅಲ್ಲೇ ಇದ್ದ ಡಾನ್ ಚೇಂಬರ್ಲಿನ್ ಮತ್ತು ರೇ ಬಾಯ್ಸ್ ಮೊದಲು ‘ಸ್ಕ್ವೇರ್’ ಅಂತ ಒಂದು ಭಾಷೆ ಮಾಡಿದರು. ಅದರಲ್ಲಿ ಪದದ ಕೆಳಗೆ ಸಣ್ಣಕ್ಷರ ಬರೆಯಬೇಕಿತ್ತು, ಕೀಬೋರ್ಡಿಗೆ ಹೊಂದಲಿಲ್ಲ. 1974ರಲ್ಲಿ ‘ಸೀಕ್ವೆಲ್’ ತಂದರು. ಅದರ ಪೂರ್ಣ ಹೆಸರಲ್ಲೇ ‘ಇಂಗ್ಲಿಷ್’ ಅನ್ನೋ ಪದ ಇತ್ತು. ಸೀಕ್ವೆಲ್ ಅನ್ನೋದು ಬ್ರಿಟನ್ನಿನ ವಿಮಾನ ಕಂಪನಿಯೊಂದರ ಟ್ರೇಡ್‌ಮಾರ್ಕ್ ಆಗಿದ್ದರಿಂದ ಹೆಸರು ಎಸ್‌ಕ್ಯೂಎಲ್ ಆಯಿತು. ಪ್ರೋಗ್ರಾಮರ್ ಅಲ್ಲದವರೂ ಬರೆಯಲಿ ಅನ್ನೋದೇ ಅವರ ಆಸೆ. ಆದರೆ ಕೊನೆಗೆ ಅದನ್ನು ಕಲಿತದ್ದು ಪ್ರೋಗ್ರಾಮರ್‌ಗಳೇ.

1975ರ ಹೊತ್ತಿಗೇ ಫಿಲಿಸ್ ರೈಸ್ನರ್ ಅನ್ನೋ ಸಂಶೋಧಕಿ ಸ್ಕ್ವೇರ್, ಸೀಕ್ವೆಲ್ ಎರಡನ್ನೂ ವಿದ್ಯಾರ್ಥಿಗಳಿಗೆ ಕಲಿಸಿ ಪರೀಕ್ಷೆ ಮಾಡಿದ್ದರು. ಪ್ರೋಗ್ರಾಮಿಂಗ್ ಬಾರದವರಿಗೆ ಸೀಕ್ವೆಲ್ ಸ್ವಲ್ಪ ಸುಲಭವಾಯಿತು. ಅವರು ಮಾಡಿದ ಸಣ್ಣ ತಪ್ಪುಗಳಲ್ಲಿ ಪದದ ಕೊನೆ ಬದಲಾಗೋದೂ ಒಂದು. ಏಕವಚನ ಬರೆಯುವಲ್ಲಿ ಬಹುವಚನ, ಆ ತರದ್ದು.

ಕನ್ನಡಕ್ಕೆ ಬಂದರೆ ನಮ್ಮ ಜೀವಾಳ ಇರೋದೇ ಪದದ ಕೊನೆಯಲ್ಲಿ. ಸದಸ್ಯ, ಸದಸ್ಯರು, ಸದಸ್ಯರ, ಸದಸ್ಯರಲ್ಲಿ, ಇವೆಲ್ಲ ಒಂದೇ ಟೇಬಲ್ ಅಂತ ಯಂತ್ರಕ್ಕೆ ತಿಳಿಯಬೇಕು. ಹಾಗಂತ ಕೊನೆಯನ್ನು ಕತ್ತರಿಸಿ ಬಿಸಾಡೋ ಹಾಗೂ ಇಲ್ಲ. ‘ಸದಸ್ಯರಿಂದ ಬಂದ ಹಣ’ ಜಮಾ. ‘ಸದಸ್ಯರಿಗೆ ಕೊಟ್ಟ ಹಣ’ ಖರ್ಚು. ವಿಭಕ್ತಿ ಬಿಟ್ಟುಹೋದರೆ ಇಡೀ ಲೆಕ್ಕ ತಿರುಗುಮುರುಗು.

‘ಎಲ್ಲಿಂದ’ ಅನ್ನೋದು ಮೊದಲು ಬರಲಿ ಎನ್ನುವ ನಿಮ್ಮ ಮಾತು ನೂರಕ್ಕೆ ನೂರು ಸರಿ. 2007ರಲ್ಲಿ ಬಂದ, ಪ್ರೋಗ್ರಾಮಿನೊಳಗೇ ಪ್ರಶ್ನೆ ಬರೆಯುವ ಮೈಕ್ರೋಸಾಫ್ಟಿನ (LINQ) ಲಿಂಕ್‌ನಲ್ಲಿ ‘ಫ್ರಮ್’ ಮೊದಲು ಬಂತು. ಟೇಬಲ್ ಯಾವುದು ಅಂತ ಮೊದಲೇ ಗೊತ್ತಾದರೆ ಮುಂದಿನ ಕಾಲಂ ಹೆಸರುಗಳನ್ನು ಎಡಿಟರ್ ತಾನೇ ಸೂಚಿಸಬಹುದು. ಗೂಗಲ್‌ನವರೂ 2024ರಲ್ಲಿ ಇದೇ ದಾರಿಯ ಬರಹ ತಂದರು. ನಮಗಾದರೆ ಅದು ಮಾತಿನ ಸಹಜ ಕ್ರಮ.

ಬೆಟ್ಟದ ತೋಟ (ಹೊಸನಗರ) · ಸೋಮವಾರ ಬೆಳಿಗ್ಗೆ 6:50

ನಾನು ಕೃಷಿಕ, ಕಂಪ್ಯೂಟರ್ ಓದಿದವನಲ್ಲ. ತಪ್ಪಿದ್ದರೆ ತಿದ್ದಿ. ಪಹಣಿ ತೆಗೆಯೋಕೆ ನಾನು ಯಾವ ಭಾಷೆಯನ್ನೂ ಕಲಿತಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಒಂದೊಂದಾಗಿ ಆರಿಸುತ್ತೇನೆ, ಸರ್ವೆ ನಂಬರ್ ಹೊಡೆಯುತ್ತೇನೆ, ಬರುತ್ತದೆ. ಸೊಸೈಟಿಗೂ ಹಾಗೇ ಒಂದು ಫಾರಂ ಮಾಡಿಕೊಟ್ಟರೆ ಸಾಕಲ್ವಾ? ಸುಮ್ನೆ ಹೊಸ ಭಾಷೆ ಯಾಕೆ?

ತುಂಗಾತೀರ · ಸೋಮವಾರ ಬೆಳಿಗ್ಗೆ 8:15

ಅಣ್ಣ, ಫಾರಂ ಮಾಡಿದ್ದೇನೆ. ಹನ್ನೊಂದು ಫಾರಂ ಇವೆ ಈಗ. ಆದರೆ ಫಾರಂ ಉತ್ತರ ಕೊಡೋದು ನನಗೆ ಮೊದಲೇ ಹೊಳೆದ ಪ್ರಶ್ನೆಗೆ ಮಾತ್ರ. ಪಹಣಿಯಲ್ಲಿ ಎಲ್ಲರ ಪ್ರಶ್ನೆಯೂ ಒಂದೇ: ಈ ಜಮೀನಿನ ದಾಖಲೆ ಕೊಡಿ. ಅದಕ್ಕೆ ಫಾರಂ ಹೇಳಿ ಮಾಡಿಸಿದ ಹಾಗಿದೆ. ಸೊಸೈಟಿಯಲ್ಲಿ ಪ್ರತಿ ತಿಂಗಳೂ ಹೊಸ ಪ್ರಶ್ನೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಒಂದು, ರೇಟು ಬಿದ್ದ ವಾರ ಇನ್ನೊಂದು.

ಲ್ಯಾಬ್ ಮೇಷ್ಟ್ರು · ಸೋಮವಾರ ಮಧ್ಯಾಹ್ನ 1:20

ಹೊಸನಗರದವರ ಮಾತನ್ನು ತಳ್ಳಿಹಾಕಬೇಡಿ. ಎಪ್ಪತ್ತರ ದಶಕದಲ್ಲೇ ಐಬಿಎಂನ ಮೋಶೆ ಝ್ಲೂಫ್ ಹೀಗೇ ಯೋಚಿಸಿದರು. ಭಾಷೆ ಬೇಡ, ಖಾಲಿ ಟೇಬಲ್ ತೋರಿಸೋಣ, ಬೇಕಾದ್ದರ ಮಾದರಿಯನ್ನು ಅದರಲ್ಲೇ ಬರೆಯಲಿ ಅಂತ. ‘ಕ್ವೆರಿ ಬೈ ಎಗ್ಸಾಂಪಲ್’ ಅಂತ ಅದರ ಹೆಸರು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ‘ಬಗೆ’ ಅನ್ನುವ ಕಾಲಂ ಕೆಳಗೆ ‘ರಾಶಿ’ ಅಂತ ಬರೆದು, ‘ಹೆಸರು’ ಕಾಲಂ ಕೆಳಗೆ ‘ಇದನ್ನು ತೋರಿಸು’ ಅಂತ ಗುರುತು ಹಾಕಿದರೆ ಆಯಿತು. ಪ್ರೋಗ್ರಾಮಿಂಗ್ ಬಾರದ ವಿದ್ಯಾರ್ಥಿಗಳು ಮೂರು ಗಂಟೆಯೊಳಗೆ ಕಲಿತರು. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನ ಪ್ರಶ್ನೆ ಕಟ್ಟುವ ಚೌಕಗಳೂ ಅದರ ಮಕ್ಕಳೇ.

ಆದರೆ ಆ ವಿದ್ಯಾರ್ಥಿಗಳು ಎಡವಿದ್ದು ಎಲ್ಲಿ ಗೊತ್ತಾ? ‘ಎಲ್ಲಾ’, ‘ಮಾತ್ರ’ ಅನ್ನುವ ಪ್ರಶ್ನೆಗಳಲ್ಲಿ. ಈ ಮೂರು ಸಾಲು ನೋಡಿ:

ರಾಶಿ ಹಾಕಿದವರು.
ರಾಶಿಯನ್ನೂ ಹಾಕಿದವರು.
ರಾಶಿಯನ್ನೇ ಹಾಕಿದವರು.

ಮೊದಲನೆಯದಕ್ಕೆ ಬೆಟ್ಟೆ, ಗೊರಬಲಿನಂಥ ಬೇರೆ ಬಗೆ ಹಾಕಿದ್ದರೂ ಅಡ್ಡಿಯಿಲ್ಲ. ಎರಡನೆಯದಕ್ಕೆ ಬೇರೆ ಬಗೆಯೂ ಹಾಕಿರಬೇಕು. ಮೂರನೆಯದಕ್ಕೆ ಬೇರೇನನ್ನೂ ಹಾಕಿರಬಾರದು. ಎಸ್‌ಕ್ಯೂಎಲ್‌ನಲ್ಲಿ ಮೂರನೆಯದನ್ನು ಬರೆಯೋಕೆ ಸಾಮಾನ್ಯವಾಗಿ ಪ್ರಶ್ನೆಯೊಳಗೊಂದು ಪ್ರಶ್ನೆ ಬೇಕು, ‘ನಾಟ್ ಎಕ್ಸಿಸ್ಟ್ಸ್’ ಬೇಕು. ನನ್ನ ಮಕ್ಕಳು ಒಂದು ವಾರ ಒದ್ದಾಡುತ್ತಾರೆ. ಕನ್ನಡದಲ್ಲಿ ಅದು ಒಂದು ‘ಏ’. ಎಲ್‌ಕೆಜಿ ಮಗುವಿಗೂ ‘ಅನ್ನ ತಿಂದೆ’, ‘ಅನ್ನಾನೇ ತಿಂದೆ’ ಬೇರೆ ಅಂತ ಗೊತ್ತು. ನಿಮ್ಮ ಭಾಷೆಗೆ ಈ ಊ, ಏ ಎರಡನ್ನೂ ಕಲಿಸಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಬೆಂಗಳೂರಲ್ಲಿ ಮಲೆನಾಡು · ಸೋಮವಾರ ರಾತ್ರಿ 11:05

ನಾನು ಭದ್ರಾವತಿಯವನು, ಇಲ್ಲಿ ಡೇಟಾ ಕೆಲಸ. ಇಷ್ಟೆಲ್ಲ ಕಷ್ಟ ಈಗ ಬೇಕಾ ಅಂತ ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ. ಎಐಗೆ ಕನ್ನಡದಲ್ಲಿ ಕೇಳಿದರೆ ಅದೇ ಎಸ್‌ಕ್ಯೂಎಲ್ ಬರೆಯುತ್ತದೆ. ನಮ್ಮ ಆಫೀಸಿನಲ್ಲಿ ಮಾರ್ಕೆಟಿಂಗ್‌ನವರೂ ಹೀಗೇ ಮಾಡೋದು. ಅಕ್ಕ ವಾಟ್ಸಾಪ್‌ನಲ್ಲಿ ಬರೆದ ಸಾಲನ್ನೇ ಹಾಕಿ ನೋಡಿ.

ತುಂಗಾತೀರ · ಮಂಗಳವಾರ ಬೆಳಿಗ್ಗೆ 7:30

ಹಾಕಿ ನೋಡಿದ್ದೇನೆ. ಅಷ್ಟೇ ಅಲ್ಲ, ಅದರಿಂದ ಒಂದು ಪೆಟ್ಟೂ ತಿಂದಿದ್ದೇನೆ. ಹೇಳಲು ಸಂಕೋಚ ಇತ್ತು, ಆದರೆ ಇದೇ ವಿಷಯದ ಹೃದಯ ಅಂತ ಈಗ ಹೇಳುತ್ತೇನೆ.

ಹೋದ ಮಹಾಸಭೆಗೆ ಊರುವಾರು ಒಟ್ಟು ತೂಕದ ಪಟ್ಟಿ ಬೇಕಿತ್ತು, ಪಕ್ಕದಲ್ಲಿ ಸರ್ವೆ ನಂಬರೂ ಬೇಕು ಅಂದರು. ಎಐ ಬರೆದುಕೊಟ್ಟ ಎಸ್‌ಕ್ಯೂಎಲ್ ನೋಡಿದೆ, ಸರಿ ಅನಿಸಿತು, ಓಡಿಸಿದೆ. ಯಾವ ಎರರ್ರೂ ಬರಲಿಲ್ಲ. ಪ್ರಿಂಟ್ ತೆಗೆದು ಹಂಚಿದೆವು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. “ನಮ್ಮೂರಲ್ಲಿ ಇಷ್ಟು ಅಡಿಕೆ ಬೆಳೆಯೋಕೆ ಅಷ್ಟು ತೋಟವೇ ಇಲ್ಲವಲ್ಲ ತಮ್ಮಾ” ಅಂದರು.

ಮನೆಗೆ ಬಂದು ಬಿಡಿಸಿ ನೋಡಿದೆ. ಆಗಿದ್ದು ಇದು:

ಸದಸ್ಯ 118, ರಾಶಿ 12 ಕ್ವಿಂಟಾಲ್, ಸರ್ವೆ ನಂಬರ್ 42
ಸದಸ್ಯ 118, ರಾಶಿ 12 ಕ್ವಿಂಟಾಲ್, ಸರ್ವೆ ನಂಬರ್ 57

ಅವರು ಹಾಕಿದ್ದು ಒಟ್ಟು 12. ಜಮೀನು ಎರಡು ಕಡೆ ಇದೆ. ಎರಡು ಟೇಬಲ್ ಜೋಡಿಸಿದಾಗ 12 ಎರಡು ಸಲ ಬಂತು, ಒಟ್ಟು 24 ಆಯಿತು. ನಮ್ಮ ಕಡೆ ಒಬ್ಬರಿಗೆ ಎರಡು ಮೂರು ತುಂಡು ಜಮೀನು ಇರೋದು ಮಾಮೂಲು. ಹಾಗಾಗಿ ಊರಿಗೂರೇ ಉಬ್ಬಿಹೋಗಿತ್ತು.

ಆ ಹಿರಿಯರಿಗೆ ಎಸ್‌ಕ್ಯೂಎಲ್ ಬರೋದಿಲ್ಲ. ನನಗೆ ಬರುತ್ತದೆ. ತಪ್ಪು ಕಂಡಿದ್ದು ಅವರಿಗೆ, ಯಾಕಂದರೆ ಅವರಿಗೆ ಊರು ಗೊತ್ತು. ಉತ್ತರವನ್ನು ತೂಗಿ ನೋಡುವ ಜ್ಞಾನ ಇರೋದು ಅಂಥವರ ಹತ್ತಿರ. ಅವರ ಕೈಗೆ ಉತ್ತರ ಮಾತ್ರ ಕೊಟ್ಟರೆ ಸಾಲದು, ಉತ್ತರ ಬಂದ ದಾರಿಯೂ ಅವರ ಭಾಷೆಯಲ್ಲಿ ಕಾಣಬೇಕು. ಎಐ ಕನ್ನಡದಲ್ಲಿ ಕೇಳಿಸಿಕೊಳ್ಳುತ್ತದೆ ನಿಜ. ಆದರೆ ತಾನು ಏನು ಅರ್ಥ ಮಾಡಿಕೊಂಡೆ ಅನ್ನೋದನ್ನು ಎಸ್‌ಕ್ಯೂಎಲ್‌ನಲ್ಲಿ ಬರೆದಿಡುತ್ತದೆ. ಅಕ್ಕ ಅದನ್ನು ಓದೋದು ಹೇಗೆ?

ಬೆಂಗಳೂರಲ್ಲಿ ಮಲೆನಾಡು · ಮಂಗಳವಾರ ಬೆಳಿಗ್ಗೆ 9:40

ಒಪ್ಪಿದೆ. ಹಾಗಾದರೆ ಎರಡನ್ನೂ ಸೇರಿಸಿ. ಎಐ ನಿಮ್ಮ ‘ಪೈಕಿ-ವಾರು’ ಭಾಷೆಗೆ ಬರೆಯಲಿ, ಎಸ್‌ಕ್ಯೂಎಲ್‌ಗೆ ಬೇಡ. ಅಕ್ಕ ಅದನ್ನು ಓದಿ ಹೂಂ ಅಂದ ಮೇಲೆ ಓಡಲಿ. ಬೇಕಾದರೆ ಆ ಭಾಗಕ್ಕೆ ನಾನು ಸಹಾಯ ಮಾಡುತ್ತೇನೆ, ಶನಿವಾರ ಬಿಡುವಿದೆ.

ಲ್ಯಾಬ್ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ 1:45

ಈ ಆಸೆಯೂ ಹಳೆಯದೇ. 1971ರಲ್ಲಿ ವಿಲಿಯಂ ವುಡ್ಸ್ ‘ಲೂನಾರ್’ ತೋರಿಸಿದರು. ಅಪೊಲೊ ತಂದ ಚಂದ್ರಶಿಲೆಗಳ ಬಗ್ಗೆ ವಿಜ್ಞಾನಿಗಳು ಸಹಜ ಇಂಗ್ಲಿಷಿನಲ್ಲಿ ಕೇಳಬಹುದಿತ್ತು, ಬಹುಪಾಲು ಪ್ರಶ್ನೆಗಳಿಗೆ ಉತ್ತರ ಬರುತ್ತಿತ್ತು. ಬಗ್ಗದ ಪ್ರಶ್ನೆ ಬಂದರೆ ಏನು ಮಾಡಬೇಕು ಅನ್ನೋದೇ ಅವತ್ತಿನಿಂದ ಇವತ್ತಿನವರೆಗಿನ ಕಷ್ಟ. ತುಂಗಾತೀರ, ನಿಮ್ಮ ‘ತಾಳೆ’ ಮಾತಾಡಬೇಕು. ಸುಮ್ಮನೆ ಜೋಡಿಸಬಾರದು. “ತೂಕದ ಸಾಲು 212 ಇತ್ತು, ಜಮೀನಿನ ಜೊತೆ ತಾಳೆ ಮಾಡಿದ ಮೇಲೆ 296 ಆಯಿತು. 84 ಸಾಲು ಹೆಚ್ಚಾಗಿದೆ. ಹಾಗೇ ಒಟ್ಟು ಹಾಕಲೇ?” ಅಂತ ಕೇಳಬೇಕು. ಲೆಡ್ಜರ್ ಬರೆದವರು ಇದನ್ನು ಕೇಳಿದ ಕೂಡಲೇ ಬೇಡ ಅನ್ನುತ್ತಾರೆ.

‘ಮತ್ತು’ ಬಗ್ಗೆಯೂ ಎಚ್ಚರ. “ಸಾಗರ ಮತ್ತು ಸೊರಬದ ಸದಸ್ಯರ ಪಟ್ಟಿ” ಅಂದರೆ ನಮಗೆ ಎರಡೂ ತಾಲ್ಲೂಕಿನವರು. ಎಸ್‌ಕ್ಯೂಎಲ್‌ನಲ್ಲಿ ಅದನ್ನೇ ‘ಆ್ಯಂಡ್’ ಅಂತ ಹಾಕಿದರೆ ಒಬ್ಬರೂ ಸಿಗೋದಿಲ್ಲ, ಒಬ್ಬ ಸದಸ್ಯನ ತಾಲ್ಲೂಕು ಎರಡೂ ಆಗಿರೋಕೆ ಸಾಧ್ಯವಿಲ್ಲವಲ್ಲ.

ಪಂಚಾಯ್ತಿ ಕಂಪ್ಯೂಟರ್ (ಸೊರಬ) · ಮಂಗಳವಾರ ಸಂಜೆ 6:25

ನಾನು ಡೇಟಾ ಎಂಟ್ರಿ ಮಾಡುವವಳು. ನೀವೆಲ್ಲ ಪ್ರಶ್ನೆಯ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಒಳಗಿರುವ ಮಾಹಿತಿಯ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಮ್ಮ ಜಿಲ್ಲೆಯ ಹೆಸರನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ಅಧಿಕೃತವಾಗಿ ಶಿವಮೊಗ್ಗ ಆಯಿತು. ಅದಕ್ಕೆ ಹಿಂದಿನ ಇಂಗ್ಲಿಷ್ ದಾಖಲೆಯಲ್ಲೆಲ್ಲ ಶಿಮೊಗ. ಒಂದನ್ನು ಹುಡುಕಿದರೆ ಇನ್ನೊಂದು ಬರೋದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದದ್ದು ಈಗಿನ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್ ಹುಡುಕಾಟಕ್ಕೆ ಸಿಗೋದೇ ಇಲ್ಲ. ಯೂನಿಕೋಡ್‌ನಲ್ಲೇ ಇದ್ದರೂ ‘ಮೊ’ ಅನ್ನೋದನ್ನು ಎರಡು ರೀತಿ ಇಡಬಹುದು. ಒತ್ವ ಒಂದೇ ಚಿಹ್ನೆಯಾಗಿ, ಇಲ್ಲಾ ಎತ್ವ ಮತ್ತು ಊತ್ವ ಎರಡು ತುಂಡಾಗಿ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಜನ ಹುಡುಕಿ ಸಿಗದಿದ್ದರೆ ನಮ್ಮ ಮೇಲೆ ರೇಗುತ್ತಾರೆ. ದಯವಿಟ್ಟು ನಿಮ್ಮ ಭಾಷೆ ಹೋಲಿಸುವ ಮೊದಲು ಅಕ್ಷರಗಳನ್ನು ಒಂದೇ ರೂಪಕ್ಕೆ ತರಲಿ. ಸಿಗದಿದ್ದರೆ ಬರೀ ‘ಇಲ್ಲ’ ಅನ್ನಬಾರದು, “ಇದಕ್ಕೆ ಹತ್ತಿರದ ಹೆಸರು ಇವು” ಅಂತ ತೋರಿಸಲಿ.

ಮಳೆ ಲೆಕ್ಕ (ಆಗುಂಬೆ ಹತ್ತಿರ) · ಬುಧವಾರ ಬೆಳಿಗ್ಗೆ 9:00

ತುಂಬಾ ವರ್ಷದಿಂದ ಮನೆಯಂಗಳದ ಮಳೆ ಅಳೆದು ಬರೆಯುತ್ತಿದ್ದೇನೆ. ಬೆಳಿಗ್ಗೆ ಎಂಟೂವರೆಗೆ. ಈಗ ಮಗಳು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ್ದಾಳೆ. ನನ್ನ ಅನುಭವ ಒಂದೇ: ಪುಸ್ತಕದಲ್ಲಿ ಖಾಲಿ ಬಿಟ್ಟ ಮನೆ ಮತ್ತು ಸೊನ್ನೆ ಒಂದೇ ಅಲ್ಲ.

ಒಮ್ಮೆ ಮದುವೆಗೆ ಹೋಗಿ ಎರಡು ದಿನ ಊರಲ್ಲಿರಲಿಲ್ಲ. ಬಂದ ದಿನ ಅಳೆದರೆ ಮೂರು ದಿನದ್ದೂ ಸೇರಿ 180 ಮಿಲಿಮೀಟರ್. ಪುಸ್ತಕದಲ್ಲಿ ಎರಡು ಮನೆ ಖಾಲಿ ಬಿಟ್ಟು, ಮೂರನೆಯದರಲ್ಲಿ ‘3 ದಿನದ್ದು’ ಅಂತ ಬರೆದಿದ್ದೆ. ಕಂಪ್ಯೂಟರಿಗೆ ಹಾಕುವಾಗ ಖಾಲಿ ಇದ್ದದ್ದು ಸೊನ್ನೆ ಆಯಿತು, ಆ ಟಿಪ್ಪಣಿ ಬಿಟ್ಟೇಹೋಯಿತು. “ಜುಲೈಯಲ್ಲಿ ಮಳೆ ಬಾರದ ದಿನ ಎಷ್ಟು” ಅಂತ ಕೇಳಿದರೆ ಎರಡು ಅಂತು. ಆಗುಂಬೆ ಕಡೆ ಜುಲೈಯಲ್ಲಿ ಮಳೆ ಬಾರದ ದಿನ!

ಇನ್ನೊಂದು ಕೋರಿಕೆ. ಇಲ್ಲಿ ಯಾರೂ ತಿಂಗಳುವಾರು ಮಳೆ ಕೇಳೋದಿಲ್ಲ. “ಈ ಸಲ ಪುನರ್ವಸು ಹೇಗೆ ಹೊಯ್ದಿತು, ಪುಷ್ಯ ಹೇಗೆ” ಅಂತಲೇ ಕೇಳೋದು. ಔಷಧಿ ಹೊಡೆಯೋದು, ನಾಟಿ, ಎಲ್ಲ ಆ ಲೆಕ್ಕದಲ್ಲೇ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ‘ಮಳೆನಕ್ಷತ್ರವಾರು’ ಅಂದರೆ ನಿಮ್ಮ ಭಾಷೆಗೆ ತಿಳಿಯುತ್ತಾ?

ತುಂಗಾತೀರ · ಬುಧವಾರ ರಾತ್ರಿ 9:30

ತಿಳಿಯೋ ಹಾಗೆ ಮಾಡುತ್ತೇನೆ ಸರ್. ಯಾವ ಮಳೆ ಯಾವತ್ತು ಹುಟ್ಟುತ್ತದೆ ಅನ್ನೋ ಟೇಬಲ್ ಒಂದನ್ನು ಪಂಚಾಂಗ ನೋಡಿ ತುಂಬಿಸಿದರೆ ಸಾಕು. ‘ವಾರು’ ಯಾವ ಪದದ ಮುಂದೆ ಬಂದರೂ ಅಂಟಿಕೊಳ್ಳಬೇಕು.

ಖಾಲಿ ಮನೆಯ ಮಾತು ನನ್ನನ್ನು ರಾತ್ರಿ ಕೂರಿಸಿತು. ಎಸ್‌ಕ್ಯೂಎಲ್‌ನಲ್ಲಿ ಬಾಕಿ ಸೊನ್ನೆ ಇರುವವರನ್ನು ಕೇಳಿದರೂ, ಸೊನ್ನೆ ಅಲ್ಲದವರನ್ನು ಕೇಳಿದರೂ, ಬಾಕಿ ಬರೆಯದೇ ಬಿಟ್ಟವರು ಎರಡೂ ಪಟ್ಟಿಯಲ್ಲಿ ಬರೋದಿಲ್ಲ. ಸದ್ದಿಲ್ಲದೆ ಮಾಯವಾಗುತ್ತಾರೆ. ಸೊಸೈಟಿಯಲ್ಲಿ ಒಬ್ಬ ಸದಸ್ಯ ಹಾಗೆ ಮಾಯವಾದರೆ ಅವರ ಸಾಲವೋ ಬೋನಸ್ಸೋ ತಪ್ಪಿಹೋಗುತ್ತದೆ. ಹಾಗಾಗಿ ಖಾಲಿ ಇದ್ದವರನ್ನು ಪ್ರತಿ ಉತ್ತರದಲ್ಲೂ ಬೇರೆ ಸಾಲಿನಲ್ಲಿ ತೋರಿಸಬೇಕು ಅಂತ ತೀರ್ಮಾನಿಸಿದೆ.

ತುಂಗಾತೀರ · ಹತ್ತು ದಿನದ ನಂತರ, ಶನಿವಾರ ರಾತ್ರಿ 8:50

ಒಂದು ಕಚ್ಚಾ ರೂಪ ಆಯಿತು. ಬೆಂಗಳೂರಿನ ಗೆಳೆಯರು ಹೋದ ಶನಿವಾರ ಇಡೀ ದಿನ ನನ್ನ ಜೊತೆ ಫೋನಿನಲ್ಲೇ ಕೂತು ಕೆಲಸ ಮಾಡಿದರು. ಇವತ್ತು ಸೊಸೈಟಿಗೆ ತೆಗೆದುಕೊಂಡು ಹೋದೆ. ಅಕ್ಕ ತಮ್ಮ ಅದೇ ಸಾಲನ್ನು ಹೊಡೆದರು. ಪರದೆ ಮೇಲೆ ಹೀಗೆ ಬಂತು:

ಸದಸ್ಯರು: 640
ಅವರ ಪೈಕಿ ಈ ಸಲ ರಾಶಿ ಹಾಕಿದವರು: 187
ಅವರ ಪೈಕಿ ಸಾಲ ಬಾಕಿ ಇರುವವರು: 57
ಬಾಕಿ ಬರೆಯದೇ ಖಾಲಿ ಬಿಟ್ಟವರು: 3
ಊರುವಾರು: 14 ಊರು

ಅಕ್ಕ ಕನ್ನಡಕ ಸರಿಮಾಡಿಕೊಂಡು ಮೇಲಿಂದ ಬೆರಳಿಟ್ಟು ಓದಿದರು. 640ಕ್ಕೆ ತಲೆಯಾಡಿಸಿದರು. 187ಕ್ಕೂ. ಕೊನೆಯ ಸಾಲಿಗೆ ಬಂದು ನಿಂತರು. “ಹದಿನಾಲ್ಕು ಹೇಗೆ? ನಮ್ಮ ಸೊಸೈಟಿಗೆ ಸೇರಿರೋದೇ ಹದಿಮೂರು ಊರು” ಅಂದರು.

ಪಟ್ಟಿ ತೆರೆದೆವು. ‘ಕೊ’ ಅಕ್ಷರದಿಂದ ಶುರುವಾಗುವ ಒಂದು ಊರು ಎರಡು ಸಲ ಇತ್ತು. ನೋಡಲು ಅಕ್ಷರಕ್ಕೆ ಅಕ್ಷರ ಒಂದೇ. ಸೊರಬದ ಮೇಡಂ ಹೇಳಿದ್ದ ಅದೇ ಒತ್ವ! ಹೋಲಿಸುವ ಕಡೆ ಅಕ್ಷರ ಸರಿಪಡಿಸಿದ್ದೆ, ‘ವಾರು’ ಗುಂಪು ಮಾಡುವ ಕಡೆ ಮರೆತಿದ್ದೆ. ಅಲ್ಲೇ ಕೂತು ಸರಿಮಾಡಿದೆ, ಹದಿಮೂರು ಬಂತು. ಖಾಲಿ ಇದ್ದ ಮೂವರ ಬಾಕಿಯನ್ನು ಅಕ್ಕ ಹಳೆ ಲೆಡ್ಜರ್ ತೆರೆದು ತಾವೇ ತುಂಬಿಸಿದರು. ಇಬ್ಬರದು ಸೊನ್ನೆ, ಒಬ್ಬರದು ಬಾಕಿ ಇತ್ತು. 57 ಇದ್ದದ್ದು 58 ಆಯಿತು.

ಆಮೇಲೆ ನನ್ನನ್ನು ಕೇಳದೆ ಇನ್ನೊಂದು ಪ್ರಶ್ನೆ ಹೊಡೆದರು: “ಹೋದ ವರ್ಷಕ್ಕಿಂತ ಕಡಿಮೆ ಹಾಕಿದವರು ಯಾರ್ಯಾರು?” ಅದು ಓಡಲಿಲ್ಲ. ‘ಕ್ಕಿಂತ’ ನನ್ನ ಭಾಷೆಗೆ ಇನ್ನೂ ಬರೋದಿಲ್ಲ. ಒಂದೇ ಟೇಬಲನ್ನು ಎರಡು ವರ್ಷಕ್ಕೆ ಎರಡು ಸಲ ತಾಳೆ ನೋಡಬೇಕು. ಹೋದ ವರ್ಷ ಹಾಕಿ ಈ ವರ್ಷ ಹಾಕದೇ ಇದ್ದವರೂ ಆ ಪಟ್ಟಿಯಲ್ಲಿ ಬರಬೇಕಾ ಅಂತ ಅಕ್ಕನನ್ನೇ ಕೇಳಿದೆ. “ಬರಲೇಬೇಕು, ಅವರನ್ನೇ ಮೊದಲು ಮಾತಾಡಿಸಬೇಕಾಗಿರೋದು” ಅಂದರು.

ಮೇಷ್ಟ್ರೇ, ಸೋಮವಾರ ಸಾಗರಕ್ಕೆ ಬರುತ್ತೇನೆ. ನಿಮ್ಮ ಲ್ಯಾಬ್ ಎಷ್ಟು ಹೊತ್ತಿಗೆ ಬಿಡುವಾಗಿರುತ್ತದೆ?